ಮ್ಯಾಡಿಸನ್ ಸಂತೆಯಲ್ಲಿ ಹಾಗಲಕಾಯಿ

ಅಮೆರಿಕದ ಮ್ಯಾಡಿಸನ್ ಊರಿನ ಶನಿವಾರದ ರೈತರ ಸಂತೆಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಾರೆ, ಅದೂ ಗಡಿಯಾರದ ಮುಳ್ಳಿಗೆ ಉಲ್ಟಾ. ಊರಿಂದ ಬಂದಿದ್ದ ಅಮ್ಮ ಇದನ್ನು ನೋಡಿದವರೇ "ಇದೇನೋ, ಎಲ್ಲರೂ ಅಪ್ರದಕ್ಷಿಣೆ ಹಾಕ್ತಿದ್ದಾರಲ್ಲೋ!" ಅಂತ ನಿಂತುಬಿಟ್ಟರು. ನಮ್ಮ ಪದ್ಧತಿಯಲ್ಲೇ ಹೋಗೋಣ ಅಂತ ಹೊರಟೆವು. ಎದುರಿಂದ ಬರುವ ಮಕ್ಕಳ ಗಾಡಿ, ಹೂವಿನ ಕಟ್ಟು, ಚೀಲಗಳ ನಡುವೆ ನಾಲ್ಕು ಹೆಜ್ಜೆ ಇಡೋದೂ ಕಷ್ಟವಾಯಿತು. ಸುಮ್ನೆ ತಿರುಗಿ ಜನರ ಜೊತೆ ಸೇರಿಕೊಂಡೆವು.

ಅವರೆಲ್ಲ ಸುತ್ತು ಹಾಕುವುದು ವಿಸ್ಕಾನ್ಸಿನ್ ರಾಜ್ಯದ ಕ್ಯಾಪಿಟಲ್‌ಗೆ, ಅಂದರೆ ಅಲ್ಲಿನ ವಿಧಾನಸೌಧಕ್ಕೆ. 1917ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ, ಬಿಳಿ ಗ್ರಾನೈಟಿನ ಗುಮ್ಮಟ. ಸುತ್ತಲಿನ ನಾಲ್ಕು ಬೀದಿಗಳಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸಂತೆ. ಹಳ್ಳಿಯವರೂ ಪೇಟೆಯವರೂ ಒಂದು ಕಡೆ ಸೇರಲಿ ಅಂತ ಆಗಿನ ಮೇಯರ್ ಬಿಲ್ ಡೈಕ್ ಮುಂದೆ ನಿಂತು 1972ರಲ್ಲಿ ಶುರು ಮಾಡಿಸಿದ್ದು. 2020ರಲ್ಲಿ ಕೊರೊನಾ ಬಂದಾಗ ಬೇರೆ ಕಡೆ ಹೋಗಿತ್ತು, ಮುಂದಿನ ವರ್ಷ ಮತ್ತೆ ಗುಮ್ಮಟದ ಬುಡಕ್ಕೇ ಬಂತು.

ನನಗೆ ಇಷ್ಟವಾಗುವುದು ಇಲ್ಲಿನ ಒಂದು ಕಟ್ಟುನಿಟ್ಟು. ಬೆಳೆದವರೇ ಬಂದು ಮಾರಬೇಕು, ಮಾಲು ವಿಸ್ಕಾನ್ಸಿನ್‌ನದ್ದೇ ಆಗಿರಬೇಕು. ಮಂಡಿಯಿಂದ ತಂದು ಸುರಿಯುವ ಹಾಗಿಲ್ಲ. ಹಾಗಾಗಿ ಬಾಳೆಹಣ್ಣು, ತೆಂಗಿನಕಾಯಿ ಹುಡುಕಿದರೂ ಸಿಗಲ್ಲ. ಅಮ್ಮ ನಂಬಲಿಲ್ಲ. ಚನ್ನರಾಯಪಟ್ಟಣದ ಕಡೆ ಹುಟ್ಟಿ ಬೆಳೆದವರು, ದಲ್ಲಾಳಿಗಳನ್ನು ಕಂಡವರು. "ಎಲ್ಲರೂ ಹಂಗೇ ಹೇಳೋದು ಬಿಡು" ಅಂದರು.

ಅಷ್ಟರಲ್ಲಿ ಹಾಗಲಕಾಯಿ ಕಣ್ಣಿಗೆ ಬಿತ್ತು. ಮ್ಹಾಂಗ್ ಜನರ ಅಂಗಡಿ ಅದು. ಲಾವೋಸಿನ ಗುಡ್ಡಗಾಡಿನವರು. ಅಲ್ಲಿನ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿ, 1975ರ ನಂತರ ಊರು ಬಿಟ್ಟು, ಥಾಯ್ಲೆಂಡಿನ ಶಿಬಿರಗಳಲ್ಲಿದ್ದು, ಆಮೇಲೆ ಇಲ್ಲಿಗೆ ಬಂದವರು. ಇವತ್ತು ಈ ಸಂತೆಯ ತರಕಾರಿಯಲ್ಲಿ ದೊಡ್ಡ ಪಾಲು ಅವರದ್ದೇ. ಕೊತ್ತಂಬರಿ, ಸಣ್ಣ ಖಾರದ ಮೆಣಸಿನಕಾಯಿ, ನಿಂಬೆಹುಲ್ಲು ಎಲ್ಲ ಇತ್ತು. ಮೂಲೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಎಳೇ ಬಳ್ಳಿಯ ಕಟ್ಟು. ಅಮ್ಮ ಎತ್ತಿ ನೋಡಿದರು. ತುದಿಯಲ್ಲಿ ಸುರುಳಿ, ಎಲೆ ಮೇಲೆ ಸಣ್ಣ ಸುಂಕು. "ಕುಂಬಳದ ಕುಡಿ ಕಣೋ! ಅಜ್ಜಿ ಪಲ್ಯ ಮಾಡ್ತಿದ್ರು."

ಅಂಗಡಿಯಾಕೆಗೂ ಅಮ್ಮನದ್ದೇ ವಯಸ್ಸು. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ, ದುಡ್ಡಿನ ಲೆಕ್ಕ ಮಗಳ ಕೈಲಿ. ಹಾಗಲಕ್ಕೆ ಚಪ್ಪರ ಹಾಕ್ತೀರಾ ಅಂತ ಅಮ್ಮ ಎರಡೂ ಕೈ ಮೇಲೆತ್ತಿ ಕೇಳಿದರು. ಆಕೆ ತಲೆ ಅಡ್ಡಡ್ಡ ಆಡಿಸಿ, ಗೂಟ ನೆಟ್ಟು ಬಲೆ ಕಟ್ಟುವುದನ್ನು ಗಾಳಿಯಲ್ಲೇ ಬರೆದು ತೋರಿಸಿದರು. ಚಳಿ ಬಿಡೋವರೆಗೂ ಸಸಿಗಳು ಮನೆ ಒಳಗೇ ಇರುತ್ತವೆ, ಹಿಮ ಬಿದ್ದರೆ ಬಳ್ಳಿ ಒಂದೇ ರಾತ್ರಿಗೆ ಹೋಗುತ್ತೆ ಅಂತ ಮಗಳು ವಿವರಿಸಿದಳು. ಅಮ್ಮ ಆಮೇಲೆ ನಂಬದೇ ಇರಲಿಲ್ಲ. ತಂದು ಮಾರುವವರಿಗೆ ಬಲೆ ಕಟ್ಟೋದು ಹೇಗೆ ಗೊತ್ತಿರುತ್ತೆ, ಅಲ್ವಾ?

ಚೌಕಾಸಿ ಮಾತ್ರ ಬಿಡಲಿಲ್ಲ. ನಾನು ಮುಜುಗರದಿಂದ ಆಚೆ ನೋಡುತ್ತಿದ್ದೆ. ಇಲ್ಲಿ ಯಾರೂ ರೇಟು ಕೇಳಿ ಜಗ್ಗಾಡಲ್ಲ. ಬೆಲೆಯೂ ಸೂಪರ್‌ಮಾರ್ಕೆಟ್‌ಗಿಂತ ಎಷ್ಟೋ ಸಲ ಜಾಸ್ತಿಯೇ, ಅದನ್ನು ಸಮರ್ಥಿಸಿಕೊಳ್ಳೋಕೆ ನಾನು ಹೋಗಲ್ಲ. ಆಕೆ ಒಂದು ಪೈಸೆ ಇಳಿಸಲಿಲ್ಲ. ಕೊಸರು ಅಂತ ಒಂದು ಹಿಡಿ ಮೆಣಸಿನಕಾಯಿ ಹಾಕಿದರು.

ಮುಂದಿನ ತಿರುವಿನಲ್ಲಿ ಚೀಸ್ ಕರ್ಡ್ಸ್, ಅಂದರೆ ಅಚ್ಚಿಗೆ ಒತ್ತದ ಚೀಸಿನ ಸಣ್ಣ ತುಂಡುಗಳನ್ನು ಕೊಂಡೆ. ತಾಜಾ ಇದ್ದರೆ ಹಲ್ಲಿಗೆ ಉಜ್ಜಿ ಕಿರ್ ಕಿರ್ ಅನ್ನುತ್ತೆ, ಒಂದೆರಡು ದಿನ ಕಳೆದರೆ ಸದ್ದು ಹೋಗುತ್ತೆ. ವಿಸ್ಕಾನ್ಸಿನ್‌ನವರಿಗೆ ಅದೇ ಹೆಮ್ಮೆ. ಅಮ್ಮ ಒಂದು ತುಂಡು ಅಗಿದು, "ಉಪ್ಪು ಜಾಸ್ತಿ. ಸದ್ದು ಬೇರೆ ಮಾಡುತ್ತೆ" ಅಂದು ಪೊಟ್ಟಣ ನನಗೇ ಕೊಟ್ಟರು.