ಕೆರೆಯ ದಡದಲ್ಲಿ ಲೆಕ್ಕದ ಪುಸ್ತಕ

ನಮ್ಮೂರ ಕೆರೆಯ ನೀರನ್ನು ಹೊಲಕ್ಕೆ ಬಿಟ್ಟುಕೊಳ್ಳುವಂತಿಲ್ಲ. ಕೋಲಾರ ತಾಲ್ಲೂಕಿನ ಎಷ್ಟೋ ಕೆರೆಗಳಂತೆ ಇದಕ್ಕೂ ಬರುವುದು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರು, ಅಂದರೆ ಎರಡು ಹಂತದಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ. 2018ರ ಜೂನ್‌ನಲ್ಲಿ ಅದು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ಕೆಲವು ತಿಂಗಳಲ್ಲಿ ಮತ್ತೆ ಹರಿಯಿತು. ಅಂತರ್ಜಲ ಹೆಚ್ಚಿಸಲು ಮಾತ್ರ ಈ ನೀರು ಎಂಬುದು ನಿಯಮ. ತೂಬು ಎತ್ತಬಾರದು, ಪಂಪು ಇಡಬಾರದು. ಕೊಳವೆಬಾವಿ ಇದ್ದವರ ಬಾವಿಯಲ್ಲಿ ನೀರು ಏರಿತು. ಬಾವಿಯೂ ಹೊಲವೂ ಇಲ್ಲದವರಿಗೆ ಕೆರೆಯಿಂದ ಸಿಗಬಹುದಾದದ್ದು ಮೀನು ಮಾತ್ರ.

ಅದೂ ಸುಮ್ಮನೆ ಸಿಗುವುದಿಲ್ಲ, ಮೀನಿನ ಹಕ್ಕನ್ನು ಗುತ್ತಿಗೆಗೆ ಹಿಡಿಯಬೇಕು. ಹಿಂದೆ ಹೊರಗಿನವರೊಬ್ಬರು ಹಿಡಿದಿದ್ದರು. ಅವರ ಕಾವಲಿನವರು ಗಾಳ ಹಾಕಿ ಕುಳಿತ ಶಾಲೆಯ ಹುಡುಗರನ್ನೂ ಓಡಿಸುತ್ತಿದ್ದರು. ಈಗ ಗುತ್ತಿಗೆ ಊರಿನ ಮೀನುಗಾರರ ಸಹಕಾರ ಸಂಘದ್ದು. ಬೆಸ್ತರ ಮನೆಗಳು ನಮ್ಮಲ್ಲಿ ಕೆಲವೇ. ಉಳಿದ ಸದಸ್ಯರಲ್ಲಿ ಹೆಚ್ಚಿನವರು ಟೊಮೆಟೊ ಬಿಡಿಸಲು, ರೇಷ್ಮೆ ಸೊಪ್ಪು ಕೊಯ್ಯಲು ಕೂಲಿಗೆ ಹೋಗುವವರು.

ಈ ಬೇಸಿಗೆಯಲ್ಲಿ ದೊಡ್ಡ ಬಲೆ ಎಳೆಯುವ ದಿನ ಲೆಕ್ಕ ಬರೆಯಲು ನನ್ನನ್ನು ಕರೆದರು. ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ಊರಿನ ಎರಡು ಗುಂಪುಗಳಲ್ಲಿ ಯಾವುದಕ್ಕೂ ಸೇರಿಲ್ಲ. ಇವೇ ನನ್ನ ಅರ್ಹತೆ. ಟೊಮೆಟೊ ಬೆಲೆ ನೆಲ ಕಚ್ಚಿದ್ದ ಸಮಯ ಅದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಗಿಡದಲ್ಲೇ ಕೊಳೆಯಲು ಬಿಟ್ಟದ್ದನ್ನು ಪತ್ರಿಕೆಗಳು ಬರೆದರೂ, ಆ ವಾರಗಳಲ್ಲಿ ಬಿಡಿಸುವ ಹೆಂಗಸರು ಏನು ಉಂಡರೆಂದು ಯಾರೂ ಬರೆಯುವುದಿಲ್ಲ.

ಬೆಳಕು ಹರಿಯುವ ಮುಂಚೆಯೇ ಥರ್ಮಾಕೋಲ್ ತೆಪ್ಪಗಳು ನೀರಿಗಿಳಿದಿದ್ದವು. ಬಿಸಿಲೇರಿದರೆ ಮಂಜುಗಡ್ಡೆ ಕರಗುತ್ತದೆ, ಮೀನು ಮೆತ್ತಗಾಗುತ್ತದೆ. ಬಲೆಯ ಎರಡು ತುದಿಗಳನ್ನು ದಡಕ್ಕೆ ತಂದು ಎಳೆಯತೊಡಗಿದಾಗ ಸದಸ್ಯರಲ್ಲದವರೂ ಪಂಚೆ ಎತ್ತಿ ಕಟ್ಟಿ ಕೈಹಾಕಿದರು. ಬಲೆ ಕಿರಿದಾದಂತೆ ನೀರು ಕುದಿಯುವ ಎಸರಿನಂತೆ ಕೊತಕೊತನೆ ಎದ್ದಿತು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ: ಇವು ಸಂಘದವರು ಹಿಂದಿನ ಮಳೆಗಾಲದಲ್ಲಿ ಬಿಟ್ಟ ಮರಿಗಳು. ಜಿಲೇಬಿ ಮೀನನ್ನು (ತಿಲಾಪಿಯಾ) ಯಾರೂ ಬಿಟ್ಟಿರಲಿಲ್ಲ, ತಾನಾಗಿಯೇ ಬಂದು ಸಂಸಾರ ಬೆಳೆಸಿತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಸಿಕ್ಕವು. ಅದನ್ನು ಸಾಕುವುದಕ್ಕೆ ನಿಷೇಧವಿದೆ, ಉಳಿದ ಮರಿಗಳನ್ನೆಲ್ಲ ನುಂಗಿಹಾಕುತ್ತದೆ. ಅವನ್ನು ಮತ್ತೆ ನೀರಿಗೆ ಬಿಡದೆ ಗುಂಡಿ ತೋಡಿ ಹೂತರು. ಇನ್ನೂ ಬೆಳೆಯಬೇಕಾದ ಕಾಟ್ಲಾಗಳನ್ನು ಹಿಂದಕ್ಕೆ ಬಿಟ್ಟರು. ಹಿಂದಿನ ಗುತ್ತಿಗೆಯ ಕೊನೆಯ ಬೇಸಿಗೆಯಲ್ಲಿ ಬೆರಳುದ್ದದವನ್ನೂ ಬಿಡದೆ ಗೋರಿಕೊಂಡು ಹೋದದ್ದನ್ನು ಊರು ಮರೆತಿಲ್ಲ.

ಬೆಂಗಳೂರಿನ ವ್ಯಾಪಾರಿ ವ್ಯಾನಿನ ಜೊತೆ ಸಿದ್ಧವಾಗಿದ್ದ. ಮೀನಿಗಂಟಿದ ನೀರಿನ ಬಾಬ್ತು ಕ್ರೇಟಿಗೆ ಎರಡು ಕೆ.ಜಿ. ಕಳೆಯಬೇಕೆಂದು ಹಟ ಹಿಡಿದ. ಸಂಘದ ಅಧ್ಯಕ್ಷರು ಮೆದು ಮನುಷ್ಯ, ಒಪ್ಪುವ ಮುಖ ಮಾಡಿದರು. ಮೀನು ಮಾರುವ ಅಕ್ಕ ಒಬ್ಬರು ಒಂದು ಕ್ರೇಟನ್ನು ಓರೆಯಾಗಿ ಎತ್ತಿ ಹಿಡಿದು, ನೀರೆಲ್ಲ ಸೋರಿದ ಮೇಲೆ ಮತ್ತೆ ತೂಕಕ್ಕಿಟ್ಟರು. ಅರ್ಧ ಕೆ.ಜಿ.ಯೂ ಇಳಿಯಲಿಲ್ಲ. ಅರ್ಧ ಕೆ.ಜಿ. ಎಂದೇ ಬರೆದುಕೊಂಡೆ. ಜಿಲೇಬಿಯನ್ನು ಊರಿನವರಿಗೂ ತಲೆಹೊರೆಯಲ್ಲಿ ಮಾರುವವರಿಗೂ ಕಡಿಮೆ ದರಕ್ಕೆ ಕೊಡುವುದು ಸಂಘದ ತೀರ್ಮಾನ. ವ್ಯಾಪಾರಿ ಅದನ್ನೂ ಕೇಳಿದ, ಸಿಗಲಿಲ್ಲ.

ಬೆಂಗಳೂರು ಕಳಿಸಿದ ನೀರಿನಲ್ಲಿ ಬೆಳೆದ ಮೀನು ಬೆಂಗಳೂರಿನ ಸಾರಿಗೇ ಹೋಗುತ್ತದೆ. ನಮ್ಮೂರಲ್ಲಿಯೂ ಈ ಮೀನು ತಿನ್ನಲು ಹಿಂಜರಿಯುವ ಮನೆಗಳಿವೆ, ಅವರದ್ದು ತಪ್ಪು ಎನ್ನಲಾರೆ. ನೀರನ್ನೂ ಮೀನನ್ನೂ ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದೂ ಸರಿಯಾದದ್ದೇ.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ನನ್ನ ತಮ್ಮನ ಮಗನೂ ಅಂದು ಬಂದಿದ್ದ. ಇಡ್ಲಿ ತಿನ್ನುತ್ತ, "ದೊಡ್ಡಪ್ಪ, ಅಮೆರಿಕದ ಅಲಾಸ್ಕಾದ ಹಳ್ಳಿಗಳಿಗೆ ಗುತ್ತಿಗೆಯ ಈ ತಾಪತ್ರಯವಿಲ್ಲ" ಎಂದ. ಬೇರಿಂಗ್ ಸಮುದ್ರದ ಕರಾವಳಿಯ 65 ಹಳ್ಳಿಗಳು ಆರು ಸಂಸ್ಥೆಗಳಾಗಿ ಸೇರಿಕೊಂಡಿವೆಯಂತೆ. 1992ರಲ್ಲಿ ಶುರುವಾದ ವ್ಯವಸ್ಥೆ. ಆ ಸಮುದ್ರದಲ್ಲಿ ವರ್ಷಕ್ಕೆ ಇಷ್ಟು ಪೊಲಾಕ್ ಮೀನು ಹಿಡಿಯಬಹುದೆಂದು ಸರ್ಕಾರ ಗೊತ್ತುಮಾಡುತ್ತದೆ, ಅದರಲ್ಲಿ ಶೇ 10 ಈ ಹಳ್ಳಿಗಳಿಗೆ ಕಾನೂನಿನಲ್ಲೇ ಮೀಸಲು. ಹೆಚ್ಚಿನವಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ಆ ಪಾಲಿನ ಆದಾಯದಲ್ಲಿ ಅಲ್ಲಿಯವರಿಗೆ ಕೆಲಸ, ತರಬೇತಿ, ಮಕ್ಕಳಿಗೆ ವಿದ್ಯಾರ್ಥಿವೇತನ.

ಕ್ರೇಟು ಎತ್ತಿದ್ದ ಅಕ್ಕ ಕೇಳಿಸಿಕೊಂಡು ಹೇಳಿದರು: "ಅವರಿಗೆ ಸಮುದ್ರದಲ್ಲಿ ಪಾಲು. ನಮಗೆ ನಮ್ಮ ಕೆರೆಗೇ ಬಾಡಿಗೆ."

ಸಂಜೆ ಡೇರಿಯ ಜಗಲಿಯ ಮೇಲೆ ಸಭೆ ಸೇರಿತು. ಗುತ್ತಿಗೆಯ ಕಂತು, ಬಲೆಯ ಕೂಲಿ, ಬರುವ ಮಳೆಗಾಲದ ಮರಿಗಳ ಹಣ ಕಳೆದು ಉಳಿದದ್ದನ್ನು ಓದಿದೆ. ಪೂರ್ತಿ ಹಂಚಿಬಿಡಿ ಎಂದವರೇ ಹೆಚ್ಚು. ಅಂಗಡಿಯ ಸಾಲ ಏರಿದ್ದವರು ಬೇರೇನು ಹೇಳಿಯಾರು? ಈ ಗುತ್ತಿಗೆ ಮುಗಿದ ಮೇಲೆ ದುಡ್ಡಿದ್ದವರು ದರ ಏರಿಸಿದರೆ ಎದುರು ನಿಲ್ಲಲು ಗಂಟು ಬೇಕು ಎಂದರು ಅಧ್ಯಕ್ಷರು, ಮೊದಲ ಬಾರಿಗೆ ದನಿ ಎತ್ತಿ. ಅವರ ಮಾತು ಸರಿಯೆನಿಸಿತು. ಆದರೆ ಕೂಲಿ ನಿಂತುಹೋದ ಮನೆಯವರಿಗೆ ಅದನ್ನು ಹೇಳುವುದು ಪಿಂಚಣಿ ಬರುವವನಿಗೆ ಸುಲಭ. ಕೊನೆಗೆ ಮುಕ್ಕಾಲು ಪಾಲು ಹಂಚುವುದು, ಕಾಲು ಪಾಲು ಎತ್ತಿಡುವುದು ಎಂದಾಯಿತು. ಎತ್ತಿಟ್ಟದ್ದನ್ನು ಯಾವ ಬ್ಯಾಂಕಿನಲ್ಲಿ ಇಡಬೇಕೆಂಬ ಜಗಳ ಶುರುವಾದಾಗ ನಾನು ಪುಸ್ತಕ ಅಧ್ಯಕ್ಷರ ಕೈಗೆ ಕೊಟ್ಟು ಮನೆಗೆ ಹೊರಟೆ.