ಸ್ಲ್ಯಾಬ್ ಹಾಕಿದ್ರ ಅಂಜಿಕಿ ಇಲ್ಲಂತ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಗಡಿ ಹಳ್ಳಿಯೊಂದರಲ್ಲಿ ಈ ವಾರ ಕೇಳಿದ ಮಾತು ಇನ್ನೂ ತಲೆಯಲ್ಲಿ ಕುಂತಿದೆ: "ಸ್ಲ್ಯಾಬ್ ಒಂದು ಹಾಕಿಬಿಟ್ರ ಮುಗೀತ್ರಿ. ಭೂಕಂಪಕ್ಕೂ ಅಂಜಬೇಕಾಗಿಲ್ಲ, ಮಳಿಗೂ ಅಂಜಬೇಕಾಗಿಲ್ಲ."

ಹೇಳಿದವನು ಅಲ್ಲಿನ ಒಂದು ಹಳೇ ಕಲ್ಲುಗೋಡೆಯ ಮನೆಯ ಹಿರೇಮಗ, ಪುಣೆಯಲ್ಲಿ ನೌಕರಿ. ಮಣ್ಣಿನ ಮಾಳಿಗೆ ತೆಗೆದು ಕಾಂಕ್ರೀಟ್ ಸ್ಲ್ಯಾಬ್ ಹಾಕಬೇಕೆಂದಿದ್ದಾನೆ. ಜಾಣ ಹುಡುಗನೇ, ಆದರೆ ಮನೆ ನೋಡಿದ್ದೆಲ್ಲ ಮೊಬೈಲಿನ ಫೋಟೋದಲ್ಲಿ. ಎದುರಿಗೇ ಹಿತ್ತಲ ಗೋಡೆ. ಮೂರು ದಿನ ಹಿಡಿದ ಮಳೆಗೆ ಅದರ ಹೊರಮೈ ಏಳೆಂಟು ಅಡಿ ಉದ್ದಕ್ಕೆ ಕಳಚಿ ಬಿದ್ದಿತ್ತು. ಒಳಮೈ ಮಾತ್ರ ಹಾಗೇ ನಿಂತಿದೆ, ಮೊಳೆಗೆ ತೂಗಿದ ಕ್ಯಾಲೆಂಡರ್ ಕೂಡ ಅಲುಗಿಲ್ಲ. ಎರಡೂವರೆ ಅಡಿ ದಪ್ಪದ ಗೋಡೆ ಅರ್ಧ ಬಿದ್ದು ಅರ್ಧ ನಿಲ್ಲುವುದು ಹೇಗೆ?

ಅದು ಒಂದು ಗೋಡೆಯೇ ಅಲ್ಲ ಅನ್ನುವುದೇ ಉತ್ತರ. ನಮ್ಮ ಕಡೆ ಕರಿಕಲ್ಲಿನ ಗೋಡೆಗೆ ಹೊರಗೊಂದು ಸಾಲು ದಪ್ಪ ಕಲ್ಲು, ಒಳಗೊಂದು ಸಾಲು, ನಡುವಿನ ಸಂದಿಗೆ ಮಣ್ಣು, ಹರಳು, ಒಡೆದ ಹಂಚಿನ ಚೂರು. ಎರಡು ಸಾಲನ್ನೂ ಹಿಡಿಯುವ ಉದ್ದ ಕಲ್ಲು, ಅಂದರೆ ಆರಪಾರ ಕಲ್ಲು, ಹುಡುಕಿದರೂ ಸಿಗುವುದಿಲ್ಲ. ಮಾಳಿಗೆಯ ಅಂಚಿನಿಂದ ಸೋರಿದ ನೀರು ನೇರವಾಗಿ ಈ ನಡುವಿನ ಮಣ್ಣಿಗೆ ಇಳಿಯುತ್ತದೆ. ಮಣ್ಣು ನೆನೆದು ಕುಸಿಯುತ್ತದೆ, ಹರಳುಗಳು ಬೆಣೆಯಂತೆ ಕೆಳಗೆ ಜಾರಿ ಎರಡೂ ಮೈಗಳನ್ನು ಹೊರಕ್ಕೆ ಒತ್ತುತ್ತವೆ. ಗೋಡೆ ಹೊಟ್ಟೆ ಬಿಡುವುದು ಹೀಗೆ. ತೂಗುಗುಂಡು ಇಳಿಬಿಟ್ಟು ನೋಡಿದರೆ ವರ್ಷ ಮೊದಲೇ ಗೊತ್ತಾಗುತ್ತದೆ. ಮೇಲೆ ಗಿಲಾಯಿ, ಅಂದರೆ ಪ್ಲಾಸ್ಟರ್, ಬಳಿದಿದ್ದರೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದ ಕಡೆ ಮೈ ಬಿಟ್ಟಿದೆ ಎಂದೇ ಲೆಕ್ಕ. ಸೊಲ್ಲಾಪುರ ಸೀಮೆಯಲ್ಲಿ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ, ಗೋಡೆ ಬೀಳುವ ಸುದ್ದಿ ಹೆಚ್ಚು ಬರುವುದೂ ಆಗಲೇ.

ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಬಿದ್ದದ್ದೂ ಇಂಥದೇ ಗೋಡೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಮಲಗಿದ ಜನ, ಬೆಳಗಿನ ಜಾವ 3.56. ತೀವ್ರತೆ 6.2. ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಹತ್ತು ಸಾವಿರದಷ್ಟು ಜನ ಹೋದರು, 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ಹಿಂದಿನ ವರ್ಷವೇ ಅಲ್ಲಿ ಸಣ್ಣ ನಡುಕಗಳ ಸರಣಿ ಬಂದುಹೋಗಿತ್ತು. ಆದರೂ ಆಗಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಅತಿ ಕಡಿಮೆ ಅಪಾಯದ ಒಂದನೇ ವಲಯ. 2002ರಲ್ಲಿ ನಕ್ಷೆ ತಿದ್ದಿ ಮೂರನೇ ವಲಯಕ್ಕೆ ಹಾಕಿದರು. ನಕ್ಷೆ ತಿದ್ದುವುದು ಸಲೀಸು, ಗೋಡೆ ತಿದ್ದುವುದು ಅಷ್ಟು ಸಲೀಸಲ್ಲ.

ಅಂದಿನಿಂದ ಜನ ಕಲ್ಲನ್ನೇ ಬೈಯುತ್ತಾರೆ. ಕಲ್ಲಿನ ತಪ್ಪೇನೂ ಇಲ್ಲ. ಪ್ರತಿ ಎರಡು ಅಡಿ ಎತ್ತರಕ್ಕೆ, ನಾಲ್ಕು ಅಡಿಗೊಂದರಂತೆ ಆರಪಾರ ಕಲ್ಲು ಇಡಿ, ದಪ್ಪ ಒಂದೂವರೆ ಅಡಿ ದಾಟಿಸಬೇಡಿ ಅನ್ನುತ್ತದೆ ಭಾರತೀಯ ಮಾನಕ. ಗೌಂಡಿಗೆ ಇದನ್ನು ಹೇಳಿದರೆ ನಕ್ಕ. ಅವನ ಕೈ ಚಲೋ, ಬಾಯಿ ಇನ್ನೂ ಚಲೋ: "ಅಷ್ಟುದ್ದ ಕಲ್ಲು ಎಲ್ಲಿ ತರೂದ್ರಿ?" ತರಬೇಕಾಗಿಲ್ಲ. ನಿಂತ ಗೋಡೆಯಲ್ಲೂ ಮಾಡಬಹುದಾದ ದಾರಿ ಇದೆ. ಮೂರಡಿಗೊಂದು ಗುರುತು ಹಾಕಿ, ಸುತ್ತಿಗೆ ಬಡಿಯದೆ, ಕಲ್ಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿ, ಮೂರು ಇಂಚಿನ ತೂತನ್ನು ಆಚೆಗೆ ದಾಟಿಸಬೇಕು. ಎರಡೂ ತುದಿ ಕೊಕ್ಕೆ ಮಾಡಿದ 8 ಮಿ.ಮೀ. ಸರಳು ಇಟ್ಟು 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ ಹತ್ತು ದಿನ ನೀರು ಹಾಕಬೇಕು. ಬಡಿದು ತೂತು ಕೊರೆದರೆ ಅಕ್ಕಪಕ್ಕದ ಕಲ್ಲೂ ಸಡಿಲಾಗುತ್ತವೆ, ಮಾಡಿದ ಕೆಲಸ ತಿರುಗುಬಾಣ.

ಈಗ ಆ ಸ್ಲ್ಯಾಬಿನ ಮಾತು. "ಭೂಕಂಪಕ್ಕೂ ಅಂಜಬೇಕಾಗಿಲ್ಲ." ಹುಡುಗನ ಲೆಕ್ಕ ಪೂರ್ತಿ ತಪ್ಪಲ್ಲ, ಅದೇ ತೊಡಕು. ಮೇಲೆ ತೂಕ ಹೆಚ್ಚಿದ್ದಷ್ಟೂ ಭೂಕಂಪದ ಹೊಡೆತ ಹೆಚ್ಚು. ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಪದರು ಸವುಳು ಮಣ್ಣು ಬೀಳುತ್ತದೆ, ಹಳೆಯದನ್ನು ಯಾರೂ ಕೆರೆದು ಇಳಿಸುವುದಿಲ್ಲ. ಹತ್ತು ಬೈ ಹನ್ನೆರಡರ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಒಣಗಿದ್ದಾಗಲೇ ಐದು ಟನ್ನಿನ ಮೇಲೆ. ಎರಡಡಿ ಮಣ್ಣು ಕಂಡ ಮಾಳಿಗೆಗಳೂ ಇವೆ. ಐದು ಇಂಚಿನ ಸ್ಲ್ಯಾಬ್ ಅಷ್ಟೇ ಜಾಗಕ್ಕೆ ಮೂರೂವರೆ ಟನ್. ಹಾಗಾದರೆ ಸ್ಲ್ಯಾಬೇ ಹಗುರ.

ಆದರೆ ಆ ಐದು ಟನ್ ಈಗ ಯಾರ ತಲೆಯ ಮೇಲಿದೆ? ಇದು ಎಂಟು ಅಂಕಣದ ಮನೆ. ಮಣ್ಣು ಜಂತಿಯ ಮೇಲೆ, ಜಂತಿ ತೊಲೆಯ ಮೇಲೆ, ತೊಲೆ ಸಾಗುವಾನಿ ಕಂಬದ ಮೇಲೆ. ಗೋಡೆ ಬರೀ ಹೊದಿಕೆ. ಅದಕ್ಕೇ ಹೊರಮೈ ಬಿದ್ದರೂ ಮಾಳಿಗೆ ಜಗ್ಗಲಿಲ್ಲ. ಕಿಲ್ಲಾರಿ ಸೀಮೆಯಲ್ಲೂ ಗೋಡೆ ಸುತ್ತ ಉದುರಿ, ಮಾಳಿಗೆ ಕಂಬಗಳ ಮೇಲೆ ನಿಂತೇ ಇದ್ದ ಮನೆಗಳಿದ್ದವು. ಗೋಡೆಯ ಮೇಲೇ ಮಾಳಿಗೆ ಕೂಡಿಸಿದ್ದ ಮನೆಗಳು ಅಲ್ಲೇ ಕೂತವು. ಹುಡುಗನ ಯೋಜನೆ ಏನೆಂದರೆ ಕಂಬ ಕಿತ್ತು ಹಳೇ ಕಟ್ಟಿಗೆ ವ್ಯಾಪಾರಿಗೆ ಮಾರುವುದು, ಆ ದುಡ್ಡಿಗೆ ಕಬ್ಬಿಣ ತರುವುದು, ಸ್ಲ್ಯಾಬನ್ನು ಇದೇ ಗೋಡೆಯ ಮೇಲೆ ಕೂಡಿಸುವುದು. ಹೊರಲು ಕಟ್ಟಿರದ ಗೋಡೆಯ ಮೇಲೆ ಮೊದಲ ಬಾರಿ ಮೂರೂವರೆ ಟನ್. ಮೊದಲು ಮಳೆಗೆ ಬೀಳುತ್ತಿದ್ದದ್ದು ಗೋಡೆಯಷ್ಟೇ, ಇನ್ನು ಮೇಲೆ ಮನೆ.

ಈ ನಂಬಿಕೆ ಒಬ್ಬ ಹುಡುಗನದಲ್ಲ. ಊರಿಗೆ ಊರೇ ಮಣ್ಣಿನ ಮನೆ ಅಂದರೆ ಬಡತನ, ಸ್ಲ್ಯಾಬ್ ಅಂದರೆ ಮರ್ಯಾದೆ ಅಂದುಕೊಂಡಿದೆ. ವರ ನೋಡಲು ಬಂದವರು ಮೊದಲು ಕತ್ತೆತ್ತಿ ಮಾಳಿಗೆ ನೋಡುತ್ತಾರೆ. ಅದಕ್ಕೆ ಎಂಜಿನಿಯರಿಂಗ್ ಉತ್ತರ ಯಾರ ಹತ್ತಿರವೂ ಇಲ್ಲ.

ದುಡ್ಡು ಕಡಿಮೆ ಇದ್ದರೆ ಮಾಡುವ ಕೆಲಸ ಬೇರೆ. ಮಣ್ಣನ್ನು ಎಂಟು ಇಂಚಿಗೆ ಕೆರೆದಿಳಿಸಿ, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚು ಗೋಡೆಯಿಂದ ಹೊರಕ್ಕೆ ಚಾಚುವಂತೆ ಬಿಡಿ. ಒಂದೇ ಕಡೆಯಿಂದ ಕೆರೆಯಬೇಡಿ, ತೂಕ ಓರೆಯಾಗುತ್ತದೆ. ತೊಲೆ ಕಂಬದ ಮೇಲೆ ಬರೀ ಗೂಟದ ಆಸರೆಯಲ್ಲಿ ಕೂತಿರುತ್ತದೆ, ಆ ಮೂಲೆಗೆ ಎರಡೂ ಕಡೆ ಓರೆ ಪಟ್ಟಿ ಕೊಡಿ, ಮೊಳೆ ಬೇಡ, ಬೋಲ್ಟು. ಗೋಡೆಯೊಳಗೆ ಹುದುಗಿದ ಕಂಬಗಳ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೆದ್ದಲು ಹಿಡಿದಿದ್ದರೆ ಸಲೀಸಾಗಿ ಒಳಗೆ ಹೋಗುತ್ತದೆ. ಮಂಚವನ್ನು ಕಲ್ಲುಗೋಡೆಗೆ ಒತ್ತಿ ಹಾಕಬೇಡಿ. ಬಿದ್ದದ್ದನ್ನು ತಲಾಠಿ, ಅಂದರೆ ಊರಿನ ಕಂದಾಯ ಅಧಿಕಾರಿ, ಬಂದು ಪಂಚನಾಮೆ ಮಾಡುವ ಮುನ್ನ ಎತ್ತಬೇಡಿ, ಫೋಟೋ ಇರಲಿ.

ಸ್ಲ್ಯಾಬೇ ಬೇಕೆಂದರೆ ಅದಕ್ಕೆ ತನ್ನದೇ ಕಾಂಕ್ರೀಟ್ ಕಂಬ ಬೇಕು, ಕಂಬದ ಪಾಯ ಕರಿಮಣ್ಣು ದಾಟಿ ಮುರುಮಕ್ಕೆ, ಅಂದರೆ ಕೆಳಗಿನ ಗಟ್ಟಿ ಗರಸಿಗೆ, ಇಳಿಯಬೇಕು. ಕರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ನಿಂತ ಕಂಬ ವರ್ಷವರ್ಷವೂ ಏರಿಳಿಯುತ್ತದೆ. ಈ ಹಿತ್ತಲಲ್ಲಿ ಮುರುಮ ಎಷ್ಟು ಅಡಿಗೆ ಸಿಗುತ್ತದೆಂದು ಯಾರೂ ಇನ್ನೂ ತೋಡಿ ನೋಡಿಲ್ಲ. ಕಟ್ಟಿಗೆ ವ್ಯಾಪಾರಿ ಮಾತ್ರ ಆಗಲೇ ಬಂದು ಕಂಬ ಎಣಿಸಿ ಹೋಗಿದ್ದಾನೆ.