ಓದಿ ಬಂದ ಸಿಸ್ಟರ್‌ಗಳಿಗೆ ಮತ್ತೇನು ಪಾಠ?

ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ತರಬೇತಿ ಕೊಡುತ್ತೇನೆ ಎಂದರೆ ಸಾಕು, ಮದುವೆ ಮನೆಯಲ್ಲೂ ಬಸ್ಸಿನಲ್ಲೂ ಒಂದೇ ಪ್ರಶ್ನೆ: ‘ಮೂರು ನಾಲ್ಕು ವರ್ಷ ಓದಿಯೇ ಬಂದಿರುತ್ತಾರಲ್ಲ, ಇನ್ನೇನು ಕಲಿಸುತ್ತೀರಿ?’

ಉಸಿರು ಎಣಿಸುವುದನ್ನು ಕಲಿಸುತ್ತೇನೆ. ನಗಬೇಡಿ.

ನಾನು ಕಂಡ ಎಷ್ಟೋ ವಾರ್ಡುಗಳ ಚಾರ್ಟಿನಲ್ಲಿ ಬಿಪಿ, ನಾಡಿ, ಜ್ವರ ಹೊತ್ತುಹೊತ್ತಿಗೆ ಬೇರೆಬೇರೆ ಇರುತ್ತವೆ. ಉಸಿರಾಟದ ಕಾಲಮ್ಮಿನಲ್ಲಿ ಮಾತ್ರ ಬೆಳಿಗ್ಗೆ 20, ಮಧ್ಯಾಹ್ನ 20, ರಾತ್ರಿ 20. ನ್ಯುಮೋನಿಯಾದ ಅಜ್ಜನಿಗೂ 20, ಹರ್ನಿಯಾ ಆಪರೇಷನ್ ಆದ ಹುಡುಗನಿಗೂ 20. ಬಿಪಿಗೆ ಯಂತ್ರವಿದೆ, ಆಮ್ಲಜನಕಕ್ಕೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ. ಉಸಿರು ಎಣಿಸಲು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಮೂವತ್ತು ಹಾಸಿಗೆಗೆ ಇಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಆ ನಿಮಿಷವೇ ಮೊದಲು ಹಾರಿಹೋಗುತ್ತದೆ.

ರೋಗಿಯ ಸ್ಥಿತಿ ಬಿಗಡಾಯಿಸುವಾಗ ಬಹಳ ಸಲ ಮೊದಲು ಏರುವುದು ಉಸಿರು. ಬಿಪಿ ಕುಸಿಯುವುದು ಆಮೇಲೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ ‘ನ್ಯೂಸ್’ ಎಂಬ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಅಂಕ ಏರಿದಷ್ಟೂ ಅಪಾಯ ಹೆಚ್ಚು: ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ, 21ರಿಂದ 24ಕ್ಕೆ 2, 25 ಮುಟ್ಟಿದರೆ 3. ಎಣಿಸದೆ 20 ಬರೆದವರು ನೋಡದೆಯೇ ಸೊನ್ನೆ ಕೊಟ್ಟಂತಾಯಿತು.

ಆದ್ದರಿಂದ ನನ್ನ ಪಾಠ ಹಾಸಿಗೆಯ ಪಕ್ಕದಲ್ಲೇ. ಉಸಿರು ಎಣಿಸುತ್ತೇವೆಂದು ರೋಗಿಗೆ ಹೇಳಬಾರದು, ಹೇಳಿದರೆ ಲಯ ಬದಲಾಗುತ್ತದೆ. ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದು ಕಣ್ಣು ಎದೆಯ ಮೇಲಿಡಬೇಕು. ಒಮ್ಮೆ ಹೊಸ ಸಿಸ್ಟರ್ ಒಬ್ಬಳು ಹೀಗೆ ಎಣಿಸಿ 28 ಎಂದಳು. ನನ್ನ ಮುಖ ನೋಡಿ ಮತ್ತೆ ಎಣಿಸಿದಳು, 28. ಗಂಟೆಯ ಹಿಂದೆ ಅವಳೇ ಬರೆದದ್ದು 20.

ಡಾಕ್ಟರಿಗೆ ಫೋನ್ ಮಾಡು ಎಂದರೆ ಕೈ ನಡುಗಿತು. ‘ಪೇಷಂಟ್ ಯಾಕೋ ಸರಿಯಿಲ್ಲ ಸಾರ್’ ಎಂದು ಹಿಂದೊಮ್ಮೆ ಹೇಳಿ ಬೈಸಿಕೊಂಡಿದ್ದಳು. ಯಾರು, ಏನಾಗಿತ್ತು, ಈಗ ಏನು ಕಾಣುತ್ತಿದೆ, ನೀವು ಏನು ಮಾಡಬೇಕು: ಈ ನಾಲ್ಕನ್ನು ಚೀಟಿಯಲ್ಲಿ ಬರೆಸಿ ಅವಳಿಂದಲೇ ಮಾತಾಡಿಸಿದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಕ್ರಮ ಇದು. ಡಾಕ್ಟರ್ ಬಂದರು, ರೋಗಿ ಐಸಿಯುಗೆ ಹೋದರು. ಅಂದಹಾಗೆ, ಫೋನ್ ಎತ್ತಿಕೊಂಡು ಕೇಳಿಸಿಕೊಳ್ಳುವುದನ್ನು ಡಾಕ್ಟರಿಗೆ ಯಾರು ಕಲಿಸುತ್ತಾರೆ ಎಂದು ಮಾತ್ರ ಯಾರೂ ನನ್ನನ್ನು ಕೇಳಿಲ್ಲ.

ತರಬೇತಿ ಎಂದರೆ ಆಡಳಿತ ಮಂಡಳಿಗಳಿಗೆ ಪ್ರೀತಿ. ಹೊಸಬರನ್ನು ನೇಮಿಸುವುದಕ್ಕಿಂತ ಅಗ್ಗವಲ್ಲವೇ! ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ಬಗ್ಗೆ 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನವನ್ನು ನಾನು ಅವರಿಗೆ ಪೂರ್ತಿ ಓದಿ ಹೇಳುತ್ತೇನೆ. ಪದವಿ ಪಡೆದ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಿದ್ದಲ್ಲಿ ಸಾವಿನ ಸಾಧ್ಯತೆ ಶೇ 7ರಷ್ಟು ಕಡಿಮೆ ಇತ್ತು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಿದಂತೆ ಶೇ 7ರಷ್ಟು ಜಾಸ್ತಿ. ಮೊದಲ ಏಳಕ್ಕೆ ತಲೆಯಾಡಿಸುತ್ತಾರೆ, ಎರಡನೆಯ ಏಳಕ್ಕೆ ಕಾಫಿ ಬರುತ್ತದೆ.

ಮುಂದಿನ ವಾರ ಆ ವಾರ್ಡಿಗೆ ಹೋದೆ. ಚಾರ್ಟುಗಳಲ್ಲಿ 18, 22, 16, 24. ಒಂದರಲ್ಲಿ ಮಾತ್ರ 20 ಇತ್ತು. ಅನುಮಾನದಿಂದ ನಾನೇ ನಿಂತು ಎಣಿಸಿದೆ. ಇಪ್ಪತ್ತೇ.